ಬೀಗದವನ ಬಾಗಿಲು

ಬೀಗ ರಿಪೇರಿಯವನು ಹಲ್ಲುಜ್ಜುತ್ತಿದ್ದಾಗ ಮೊಬೈಲಿಗೆ ಮೆಸೇಜು ಬಂತು. ಯಾವ ಫೈನಾನ್ಸ್ ಕಂಪನಿಯ ಸಾಲಕ್ಕೆ ಹೆದರಿ ಅವನು ಇಷ್ಟು ವರ್ಷ ತಲೆ ತಪ್ಪಿಸಿಕೊಂಡು ತಿರುಗಿದ್ದನೋ, ಅದೇ ಕಂಪನಿಯವರು ಅವನ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದ್ದರು. ಬಾಯಲ್ಲಿದ್ದ ಪೇಸ್ಟು ಗಂಟಲಿಗಿಳಿಯಿತು.

"ಬಂದ್ರು ಕಣೇ! ನನ್ನ ಕತೆ ಮುಗೀತು!"

"ಬಾಯಿ ತೊಳ್ಕೊಂಡು ಮಾತಾಡಿ," ಅಂದಳು ಹೆಂಡತಿ.

ಪಾಪ, ಅವನ ಹೆದರಿಕೆ ಸುಮ್ಮನೆ ಅಲ್ಲ. ವಕೀಲರ ಹತ್ತಿರ ಗುಮಾಸ್ತನಾಗಿದ್ದ ಷಡ್ಡಕ ಹಿಂದಿನ ದಿನವಷ್ಟೇ ಕಿವಿಯಲ್ಲಿ ಹೇಳಿದ್ದ: "ನಾಳೆ ಸಂಜೆಗೆ ಆ ಸಾಲಕ್ಕೆ ದಾವೆ ಹಾಕೋ ಗಡುವು ಮುಗಿಯುತ್ತೆ. ಆಮೇಲೆ ಅವರು ಕೋರ್ಟಿಗೆ ಹೋದರೂ ನಡೆಯಲ್ಲ. ಅಲ್ಲೀತನಕ ಒಂದು ಬಿಡಿಗಾಸು ಕೊಡಬೇಡ, ಸಹಿ ಹಾಕಬೇಡ. ಹಾಕಿದೆಯೋ, ಸಾಯ್ತಿರೋ ಸಾಲ ಎದ್ದು ಕೂರುತ್ತೆ. ನಿನ್ನ ಅಂಗಡಿ ಹೋಯ್ತು ಅಂತಲೇ ಲೆಕ್ಕ!"

ಅಂಗಡಿ ಹೋದರೆ ಹೊಟ್ಟೆಗೇನು? ಅವನು ಬಾಗಿಲು ಹಾಕಿ, ತಾನೇ ಮಾಡಿದ ಬೀಗವನ್ನು ಒಳಗಿನಿಂದ ಜಡಿದ. ಅದನ್ನು ಒಡೆಯುವ ಗಂಡು ಹುಟ್ಟಿಲ್ಲ ಅಂತ ಬೀದಿಯೆಲ್ಲ ಜಂಬ ಕೊಚ್ಚಿದ್ದ. ಗಾಬರಿಯಲ್ಲಿ ಜೋರಾಗಿ ತಿರುಗಿಸಿದನಲ್ಲ, ಕೀಲಿ ಬೀಗದೊಳಗೇ ಮುರಿಯಿತು.

"ಅಯ್ಯೋ, ನಾನು ಕೆಲಸಕ್ಕೆ ಹೇಗ್ರೀ ಹೋಗ್ಲಿ?"

"ಮೆಲ್ಲಗೆ ಕಣೇ!" ಎನ್ನುತ್ತ ಅವನು ಮಂಚದ ಕೆಳಗೆ ತೂರಿಕೊಂಡ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಫೈನಾನ್ಸ್ ಕಂಪನಿಯಿಂದ ಬಂದಿದ್ದೀನಿ. ಬೀಗದವರು ಇದ್ದಾರಾ?"

ಬೀಗದವನು ಮಂಚದಡಿಯ ಮೂಲೆಗೆ ಸರಿದ. ಉಸಿರು ಬಿಗಿಹಿಡಿದು ಮಲಗಿದ. ಆದರೆ ಎದುರುಮನೆ ಅಜ್ಜಿ ಬಿಡಬೇಕಲ್ಲ?

"ಒಳಗೇ ಇದ್ದಾನಪ್ಪಾ! ಈಗ ತಾನೇ ಸೀನಿದ. ನೀನು ಜೋರಾಗಿ ಬಡಿ!"

ಮಹಡಿಯಿಂದ ಮೇಷ್ಟ್ರೂ ಇಳಿದು ಬಂದರು. ನಿವೃತ್ತರಾದ ಮೇಲೆ ತಿದ್ದುವುದಕ್ಕೆ ಅವರಿಗೆ ನೆರೆಹೊರೆಯವರೇ ಉಳಿದಿದ್ದರು. "ಏನಯ್ಯಾ, ಬಾಗಿಲು ಯಾಕೆ ತೆಗೀತಿಲ್ಲ?"

"ಕೀಲಿ ಮುರಿದಿದೆ ಮೇಷ್ಟ್ರೇ! ನನಗೆ ಹೊತ್ತಾಯ್ತು, ಬಾಗಿಲು ಒಡೆದುಬಿಡಿ!" ಹೆಂಡತಿ ಒಳಗಿಂದ ಕೂಗಿಯೇಬಿಟ್ಟಳು. ಮಂಚದ ಕೆಳಗಿನಿಂದ ಅವನು ಅವಳ ಕಾಲು ಹಿಡಿದು ಎಳೆದ. ಅವಳು ಒದ್ದಳು.

ಹೊರಗಿನವರು ಒಟ್ಟಾಗಿ ದೂಡಿದರು. ಬೀಗ ಮಿಸುಕಲಿಲ್ಲ. ಬಾಗಿಲೇ ಕೀಲು ಕಿತ್ತುಕೊಂಡು ಒಳಗೆ ಬಿತ್ತು. ಅದರ ಹಿಂದೆಯೇ ಕನ್ನಡಕದ ಆಫೀಸರು ಒಳಗೆ ಕಾಲಿಟ್ಟು ಏನೋ ಹೇಳಲು ಬಾಯಿ ತೆರೆದ.

ಷಡ್ಡಕನ ಬುದ್ಧಿಮಾತೆಲ್ಲ ಬೀಗದವನ ತಲೆಯಿಂದ ಹಾರಿಹೋಯಿತು. ತೆವಳಿಕೊಂಡು ಬಂದು, ಹೆಂಡತಿಯ ಉಳಿತಾಯದ ಡಬ್ಬಿಯನ್ನು ಆಫೀಸರನ ಕೈಗೆ ತುರುಕಿದ.

"ಸ್ವಾಮೀ, ಅಂಗಡಿ ಮಾತ್ರ ಮುಟ್ಟಬೇಡಿ! ಇದು ಮೊದಲ ಕಂತು. ನನ್ನ ಹಳೇ ಸಾಲ ಪೂರ್ತಿ ತೀರಿಸ್ತೀನಿ!"

"ಬಾಯಿಮಾತು ಯಾಕೆ? ಬರೆದುಕೊಡು," ಎಂದರು ಮೇಷ್ಟ್ರು. ತಾವೇ ಹೇಳಿ ಬರೆಸಿ, ಅಕ್ಷರ ತಿದ್ದಿಸಿ, ಸಹಿ ಹಾಕಿಸಿದರು. ಅಜ್ಜಿ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು.

ಆಫೀಸರು ಕಾಗದವನ್ನು ಎರಡು ಸಲ ಓದಿದ. "ಯಾವ ಸಾಲ ಸ್ವಾಮಿ ಇದು?"

"ಅಂದ್ರೆ... ನೀವು ಬಂದಿದ್ದು?"

"ನಮ್ಮ ಆಫೀಸಿನ ಹಳೇ ಬೀರುವಿನ ಬೀಗ ಕೆಟ್ಟು ವರ್ಷಗಳಾಯ್ತು. ಹಳೇ ಸಾಲದ ಕಾಗದಗಳೆಲ್ಲ ಅದರಲ್ಲೇ ಇವೆ. ಯಾರ ಬಾಕಿ ಎಷ್ಟು ಅಂತ ನಮಗೇ ಗೊತ್ತಿಲ್ಲ. ಅದನ್ನ ತೆಗೆಸೋಕೆ ನಂಬಿಕಸ್ಥರು ಬೇಕಿತ್ತು, ಅದಕ್ಕೇ ನಿಮ್ಮ ರಿಪೋರ್ಟ್ ತೆಗೆಸಿ ನೋಡಿದ್ವಿ. ಒಂದು ಸಾಲವೂ ಇಲ್ಲ, ಚೊಕ್ಕಟವಾಗಿತ್ತು!"

ಬೀಗದವನು ಬಿದ್ದ ಬಾಗಿಲಿನ ಮೇಲೆಯೇ ಕುಸಿದು ಕೂತ. ಹೆಂಡತಿ ಡಬ್ಬಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ಹೆದರಿಯೇ ಅವನು ಸಲಕರಣೆಯ ಚೀಲ ಹೆಗಲಿಗೇರಿಸಿ ಆಫೀಸರನ ಹಿಂದೆ ಹೊರಟ.

ಮಧ್ಯಾಹ್ನದ ಹೊತ್ತಿಗೆ ಬೀರು ತೆರೆಯಿತು. ಮೇಲೆಯೇ ಇತ್ತು ಅವನ ಫೈಲು.

"ಭೇಷ್! ನಿಮ್ಮ ಕೂಲಿ ಎಷ್ಟಾಯ್ತು?" ಅಂತ ಆಫೀಸರು ಕೇಳಿದ. ಬೀಗದವನು ಆಸೆಯಿಂದ ಹೇಳಿದ.

"ಸರಿ, ಅಷ್ಟನ್ನೂ ನಿಮ್ಮ ಬಡ್ಡಿಗೆ ಜಮಾ ಮಾಡ್ಕೊಳ್ತೀನಿ. ಇಲ್ಲೊಂದು ಸಹಿ ಹಾಕಿ."

ಗಡುವು ಮುಗಿಯುವ ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.