ಗೆರೆಯೊಳಗಿನ ಮರ್ಯಾದೆ

ಮನುಷ್ಯನ ಆರೋಗ್ಯ ಎಲ್ಲಿದೆ ಎಂಬ ಬಗ್ಗೆ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಜೋಳದ ರೊಟ್ಟಿಯಲ್ಲಿದೆ ಎಂದು ನನ್ನ ಹೆಂಡತಿ, ಮಾತ್ರೆಯಲ್ಲಿದೆ ಎಂದು ಡಾಕ್ಟರು, ತಣ್ಣೀರು ಸ್ನಾನದಲ್ಲಿದೆ ಎಂದು ಜನ್ಮದಲ್ಲಿ ತಣ್ಣೀರು ಮುಟ್ಟದ ನನ್ನ ಭಾವಮೈದುನ. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುತ್ತಿದ್ದೆ: ಸಂಜೆ ಹೊತ್ತಿನಲ್ಲಿ ನಮ್ಮನ್ನು ಮನಸಾರೆ ಬಯ್ಯುವ ನಾಲ್ಕು ಮಂದಿ ಇದ್ದರೆ ಸಾಕು, ಉಳಿದದ್ದನ್ನು ರೊಟ್ಟಿಯೇ ನೋಡಿಕೊಳ್ಳುತ್ತದೆ. ಈ ಜ್ಞಾನ ನನಗೆ ಬಂದದ್ದು ಅಫಜಲಪುರದ ನಮ್ಮ ಕಚೇರಿಯ ಹಿಂದಿನ ವಾಲಿಬಾಲ್ ಅಂಗಳದಲ್ಲಿ. ಎಂಬತ್ತರ ದಶಕದ ಮಾತು. ನಾನಾಗ ಅಲ್ಲಿ ಗುಮಾಸ್ತ. ಆಗಲೂ ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು.

ಎರಡು ಬೇವಿನ ಮರ, ನಡುವೆ ಅಲ್ಲಲ್ಲಿ ಸುತಳಿಯಿಂದ ಹೊಲಿದ ನೆಟ್, ಸುತ್ತ ಸುಣ್ಣದ ಗೆರೆ. ಇಷ್ಟೇ ನಮ್ಮ ಮೈದಾನ. ಅದಕ್ಕೊಂದು ಕಟ್ಟಳೆಯಿತ್ತು. ಯಾರು ಮಾಡಿದ್ದೋ ಗೊತ್ತಿಲ್ಲ, ನಾನು ಬರುವ ಮೊದಲೇ ಇತ್ತು. ಗೆರೆ ದಾಟುವ ಮೊದಲು ಚಪ್ಪಲಿಯ ಜೊತೆಗೆ ಮರ್ಯಾದೆಯನ್ನೂ ಬೇವಿನ ಬುಡದಲ್ಲಿ ಬಿಟ್ಟು ಹೋಗಬೇಕು. ಒಳಗೆ ಹೆಡ್ ಕ್ಲರ್ಕು ಇಲ್ಲ, ಜವಾನ ಇಲ್ಲ. ಹಗಲೆಲ್ಲ ‘ಬಸಣ್ಣನವರೇ’ ಎಂದು ನಾವು ಕೈಕಟ್ಟಿ ಕರೆಯುವ ಹೆಡ್ ಕ್ಲರ್ಕು ಅಲ್ಲಿ ‘ಲೇ ಬಸ್ಯಾ’. ಚೆಂಡು ಬಿಟ್ಟವನ ವಂಶಾವಳಿಯನ್ನು ಅಲ್ಲೇ ತೆಗೆಯಲಾಗುತ್ತಿತ್ತು. ಆಟ ಮುಗಿದ ಮೇಲೆ ಮತ್ತೆ ಚಪ್ಪಲಿ, ಮತ್ತೆ ‘ಬರ್ರಿ, ಕೂಡ್ರಿ’. ಹಗಲು ಫ್ಯಾನಿನ ಕೆಳಗಿನ ಕುರ್ಚಿಗಾಗಿ ಹುಟ್ಟಿದ ಸಿಟ್ಟೆಲ್ಲ ಸಂಜೆ ಬೈಗುಳವಾಗಿ ಹೋಗಿಬಿಡುತ್ತಿದ್ದುದರಿಂದ ನಮ್ಮ ಕಚೇರಿಯಲ್ಲಿ ಜಗಳ ಕಡಿಮೆ, ತಲೆನೋವು ಇನ್ನೂ ಕಡಿಮೆ.

ಬಯ್ಯುವುದರಲ್ಲಿ ಎಲ್ಲರ ಗುರು ನನ್ನ ಪಕ್ಕದ ಮೇಜಿನ ಸತ್ತಾರ. ಅವನ ಕೈ ಚೆಂಡಿಗೆ ತಗುಲಿದರೆ ಆಚೆಯವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಅವನ ಬಾಯಿಯೇ ಹೆಚ್ಚು ಪೆಟ್ಟಿನದು. “ಲೇ ಚಂದ್ಯಾ, ಕುಂಬಳಕಾಯಿ! ಕೈ ಎತ್ತಲೇ! ಕೈ ಏನು ಫೈಲಿನ್ಯಾಗ ಕಟ್ಟಿ ಇಟ್ಟೀಯೇನು?” ಎಂದು ಅವನು ಕೂಗಿದರೆ ರಸ್ತೆಯಲ್ಲಿ ಹೋಗುವ ಎತ್ತಿನ ಗಾಡಿಯವನೂ ನಗುತ್ತಿದ್ದ. ನಾನೂ ನಗುತ್ತಿದ್ದೆ. ಯಾಕೆಂದರೆ ಅದೇ ಸತ್ತಾರ ಹಗಲೆಲ್ಲ ತುಟಿ ಬಿಚ್ಚುತ್ತಿರಲಿಲ್ಲ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಅಂದಿನಿಂದ ಮೇಜಿನ ಮುಂದೆ ಸುಮ್ಮನೆ ಕೂತು, ತೆರೆದ ಪುಟವನ್ನೇ ನೋಡುತ್ತಿದ್ದ. ಅವನ ಅಕ್ಕ ಜೈನಬೀ ಒಮ್ಮೆ ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, “ಅಣ್ಣಾರ, ಮನ್ಯಾಗ ಅವ ಮಾತೇ ಆಡಂಗಿಲ್ರಿ. ಆಟಕ್ಕ ಹೋಗಿ ಬಂದ ದಿನ ಅಷ್ಟೇ ಹೊಟ್ಟಿತುಂಬ ಉಣ್ತಾನ. ಹ್ಯಾಂಗರ ಮಾಡಿ ದಿನಾ ಕರಕೊಂಡು ಹೋಗ್ರಿ” ಎಂದಿದ್ದಳು. ಆಡಲು ಬಾರದ ನಾನು ದಿನಾ ಆಡಿದ್ದು ಈ ಕಾರಣಕ್ಕೆ. ಅವನು ಬಯ್ಯಬೇಕಾದರೆ ಚೆಂಡು ಬಿಡುವವನೊಬ್ಬ ಬೇಕಲ್ಲ! ಆ ಕೆಲಸವನ್ನು ನನ್ನಷ್ಟು ನಿಷ್ಠೆಯಿಂದ ಮಾಡುವವರು ತಾಲೂಕಿನಲ್ಲಿರಲಿಲ್ಲ.

ಹೀಗಿರುವಾಗ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಬಿ.ಪಿ. ಇದ್ದುದರಿಂದ ದಿನಾ ಬೆವರು ಹರಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ಒಂದು ಸಂಜೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು, “ನನ್ನನ್ನೂ ಸೇರಿಸ್ಕೊಳ್ತೀರಾ?” ಎನ್ನುತ್ತ ಅಂಗಳಕ್ಕೇ ಬಂದುಬಿಟ್ಟರು. ನಾವೆಲ್ಲ ಸಾಲಾಗಿ ನಿಂತು ನಮಸ್ಕಾರ ಮಾಡಿದೆವು. ವಾಲಿಬಾಲ್ ಅಂಗಳದಲ್ಲಿ ಕೈಮುಗಿದು ನಿಂತವರು ನಾವೇ ಮೊದಲಿಗರಿರಬೇಕು. ಮರುದಿನ ಬಸಣ್ಣನವರು ಎಲ್ಲರನ್ನೂ ಒಟ್ಟುಗೂಡಿಸಿ, “ನೋಡ್ರಪಾ, ಸಾಹೇಬ್ರ ಶಾಟಿಗೆ ಯಾರೂ ಕೈ ಎತ್ತಿ ಬ್ಲಾಕ್ ಮಾಡಬ್ಯಾಡ್ರಿ. ನಮ್ಮ ಬಡ್ತಿಯ ಗುಪ್ತ ವರದಿ ಬರಿಯೋ ಕೈ ಅದು” ಎಂದರು. ವಿರೋಧಿಸುವುದಕ್ಕೆ ಅದರಲ್ಲಿ ಏನಿತ್ತು? ಹಿರಿಯರಿಗೆ ಜಾಗ ಬಿಡುವುದು, ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಸೀಮೆಯ ರಿವಾಜು. ನಾವು ಚೆಂಡನ್ನೂ ಹಾಗೆಯೇ ಕೊಟ್ಟೆವು. ಸಾಹೇಬರು ಹೊಡೆದದ್ದು ಗೆರೆಯ ಹೊರಗೆ ಬಿದ್ದರೆ ಗೆರೆಯೇ ಸರಿಯಾಗಿಲ್ಲವೆಂದು ತೀರ್ಮಾನವಾಗುತ್ತಿತ್ತು. ಒಮ್ಮೆ ಅವರ ಸರ್ವಿಸ್ ಬೇವಿನ ಕೊಂಬೆಯಲ್ಲಿ ಸಿಕ್ಕಿಕೊಂಡಿತು. “ಗಾಳಿ ಬಂತ್ರಿ, ಮತ್ತೊಮ್ಮೆ ಹೊಡೀರಿ” ಎಂದರು ಬಸಣ್ಣನವರು. ಅಫಜಲಪುರದ ಮೇ ತಿಂಗಳಿನಲ್ಲಿ ಗಾಳಿಯನ್ನು ಕಂಡವರು ಅವರೊಬ್ಬರೇ.

ಸತ್ತಾರ ಕೆಲವು ದಿನ ಇದನ್ನೆಲ್ಲ ಸಹಿಸಿಕೊಂಡು ಬಾಯಿಮುಚ್ಚಿ ಆಡಿದ. ನಾನು ಬೇಕೆಂದೇ ಚೆಂಡು ಬಿಟ್ಟರೂ ಬಯ್ಯಲಿಲ್ಲ. ಒಂದು ಸಂಜೆ ಸಾಹೇಬರು ಆಚೆ ಬದಿಯಿಂದ ಹುಮ್ಮಸ್ಸಿನಲ್ಲಿ ಎಗರಿ ಒಂದು ಶಾಟು ಹೊಡೆದರು. ನಿಜವಾಗಿಯೂ ಚೆನ್ನಾಗಿ ಹೊಡೆದಿದ್ದರು. ಸತ್ತಾರನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಚೆಂಡು ತಿರುಗಿ ಹೋಗಿ ಸಾಹೇಬರ ಎದೆಗೆ ಬಡಿಯಿತು, ಕನ್ನಡಕ ನೆಲಕ್ಕೆ ಬಿತ್ತು. “ಹೊಡೆದೆ!” ಎಂದು ಸತ್ತಾರ ಮಕ್ಕಳಂತೆ ಕುಣಿದ. ಬಸಣ್ಣನವರು ನೀರು ತರಲು ಓಡಿದರು, ಇಬ್ಬರು ಕನ್ನಡಕ ಒರೆಸಿದರು, ಜವಾನ ಕುರ್ಚಿ ತಂದ. ಪಕ್ಕದಲ್ಲಿದ್ದ ನಾನು ಏನೋ ಅಂದೆ, ಏನೆಂದು ಮರೆತೂಬಿಟ್ಟೆ.

ಮರುದಿನ ಕರೆದಾಗ ಸತ್ತಾರ, “ಕಾಲು ನೋಯ್ಲಾಕತ್ತಾವ್ರಿ” ಎಂದ. ಅದರ ಮರುದಿನವೂ ಕಾಲು, ಆಮೇಲೆ ಸೊಂಟ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ರಜೆಯ ಮೇಲೆ ರಜೆ ಹಾಕಿದ. ಕೊನೆಗೆ ತನ್ನ ಊರು ಆಳಂದಕ್ಕೆ ವರ್ಗ ಮಾಡಿಸಿಕೊಂಡು ಅಕ್ಕನೊಡನೆ ಹೊರಟುಹೋದ. ಅಂಗಳದಲ್ಲಿ ಆಟ ನಡೆದೇ ಇತ್ತು, ಆದರೆ ಬೈಗುಳವಿಲ್ಲ. ಕಚೇರಿಯಲ್ಲಿ ಕುರ್ಚಿಯ ಜಗಳ ಮತ್ತೆ ಶುರುವಾಯಿತು. ನನಗೂ ತಲೆನೋವು ಬಂತು. ತಮಾಷೆಯೆಂದರೆ ಸಾಹೇಬರ ಬಿ.ಪಿ.ಯೂ ಇಳಿಯಲಿಲ್ಲ.

ಸಾಹೇಬರಿಗೆ ವರ್ಗವಾದಾಗ ಹಾರ ಹಾಕಿ ಬೀಳ್ಕೊಟ್ಟೆವು. ಅವರು ಜೀಪು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, “ಆ ಸತ್ತಾರ್ ಆಮೇಲೆ ಯಾಕೆ ಬರಲೇ ಇಲ್ಲ? ನಾನೇನಾದರೂ ಅಂದೆನಾ? ಇಲ್ಲಿದ್ದಷ್ಟು ದಿನದಲ್ಲಿ ಅವತ್ತೊಂದು ದಿನ ಮಾತ್ರ ಯಾರೋ ನನ್ನ ಜೊತೆ ಆಡಿದರು ಅನ್ನಿಸಿತ್ತು ಕಣ್ರೀ” ಎಂದರು. ಈ ಮಾತು ಕೇಳಿದರೆ ಸತ್ತಾರ ಎದ್ದು ಕುಣಿದಾನು ಎಂದುಕೊಂಡು ಮುಂದಿನ ರವಿವಾರವೇ ಆಳಂದದ ಬಸ್ಸು ಹತ್ತಿದೆ.

ಅವನು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಹಳ ಇಳಿದುಹೋಗಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, “ಸಾಹೇಬ್ರು ಸಿಟ್ಟಾಗಿದ್ದಿಲ್ಲ ಅಂತ ನನಗ ಅವತ್ತೇ ಗೊತ್ತಿತ್ತು. ನಗ್ಲಾಕತ್ತಿದ್ರು, ನಾ ನೋಡೀನಿ” ಎಂದ.

“ಮತ್ತ ಯಾಕ ಬಿಟ್ಟಿಲೇ?”

“ನೀವು ಒಬ್ಬರೂ ನಗಲಿಲ್ಲ. ನೀ ಏನಂದಿ ನೆನಪದ ಏನು? ‘ಸತ್ತಾರ್ ಸಾಹೇಬ್ರ, ಜರಾ ನೋಡಿ ಆಡ್ರಿ’ ಅಂದಿ. ಗೆರಿಯೊಳಗ ನಿಂತು ನನಗ ಮರ್ಯಾದಿ ಕೊಟ್ಟಿ. ಅಷ್ಟು ಮಂದಿಯೊಳಗ ನಾ ಒಬ್ಬವನೇ ಆಗಿಬಿಟ್ಟೆ ಚಂದ್ಯಾ. ಮನ್ಯಾಗ ಹ್ಯಾಂಗೋ ಹಂಗೇ.” ಜೈನಬೀ ಚಹಾ ತಂದಿಟ್ಟಳು. ಇಲ್ಲಿ ಆಡುವುದಿಲ್ಲವೇ ಎಂದು ಕೇಳಿದೆ. “ಇಲ್ಲೆ ಬಯ್ಯಾಕ ಯಾರದಾರ?” ಎಂದ.

ಮುಂದೆ ನನಗೆ ಬಡ್ತಿ ಬಂತು. ಈಗ ಜೇವರ್ಗಿಯಲ್ಲಿ ನಾನೇ ಸಾಹೇಬ. ಇಲ್ಲಿಯೂ ಕಚೇರಿಯ ಹಿಂದೆ ಒಂದು ನೆಟ್ ಇದೆ. ಹೋಗಿ ಸೇರಿಕೊಂಡೆ. ಏನಾಶ್ಚರ್ಯ! ಐವತ್ತು ದಾಟಿದ ಮೇಲೆ ನನ್ನ ಆಟ ಅರಳಿತು. ನನ್ನ ಶಾಟನ್ನು ತಡೆಯುವವರೇ ಇಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, “ಅಲ್ಲಿ ಎಲ್ಲಾರೂ ಕುರುಡರು ಅದಾರೇನು?” ಎಂದಳು. ನಾನು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ಬೇಸಿಗೆಯಲ್ಲಿ ಸತ್ತಾರ ತೀರಿಕೊಂಡ. ಸುದ್ದಿ ತಿಳಿದ ಸಂಜೆ ಮನೆಯಲ್ಲಿ ಕೂರಲಾಗದೆ ಅಂಗಳಕ್ಕೆ ಹೋದೆ. ನನ್ನ ಸರ್ವಿಸ್ ನೆಟ್ಟಿನ ಹತ್ತಿರವೂ ಸುಳಿಯದೆ ಪಕ್ಕದ ಹುಣಸೆಮರಕ್ಕೆ ಬಡಿದು ಬಿತ್ತು. ಯಾರಾದರೊಬ್ಬರು “ಲೇ ಕುಂಬಳಕಾಯಿ” ಎನ್ನಲಿ ಎಂದು ನಾನು ಅವರ ಮುಖಗಳನ್ನೆಲ್ಲ ನೋಡಿದೆ. “ಬಯ್ರೋ, ಏನಾದರೂ ಅನ್ರೋ” ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಿನಯದಿಂದ ನಕ್ಕರು. ಆಮೇಲೆ ಹೆಡ್ ಕ್ಲರ್ಕು ಚೆಂಡನ್ನು ತನ್ನ ಅಂಗಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ.

“ಗಾಳಿ ಬಂತ್ರಿ ಸಾಹೇಬ್ರ. ಮತ್ತೊಮ್ಮೆ ಹೊಡೀರಿ.”

ಹುಣಸೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ನಾನು ಕಣ್ಣೊರೆಸಿಕೊಂಡು, ಮತ್ತೊಮ್ಮೆ ಹೊಡೆದೆ.