ದಾನಿಗಳ ಗೋಡೆ ಮಾಡುವವನ ಕಷ್ಟಸುಖ

ದಾನ ಕೊಟ್ಟವರ ಹೆಸರನ್ನು ಗೋಡೆಗೆ ಏರಿಸುವುದು ನನ್ನ ಉದ್ಯೋಗ. ಗ್ರಂಥಾಲಯವಿರಲಿ, ಸಮುದಾಯ ಭವನವಿರಲಿ, ಕಟ್ಟಡದ ಬಣ್ಣ ಒಣಗುವ ಹೊತ್ತಿಗೆ ಕಮಿಟಿಯವರು ರಾಯಚೂರಿನ ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. "ಏನರ ಹೊಸಾ ನಮೂನಿ ಮಾಡಿಕೊಡ್ರಿ" ಎನ್ನುತ್ತಾರೆ. ಕಟ್ಟಡ ಕಟ್ಟುವಾಗ ಆಗದ ಜಗಳ ಹೆಸರು ಹಚ್ಚುವಾಗ ಆಗುತ್ತದೆ. ಏನಾದರೊಂದು ತಮಾಷೆ ನಡೆಯದೆ ನನ್ನ ಕೈಯಲ್ಲಿ ಒಂದು ಗೋಡೆಯೂ ಮುಗಿದದ್ದಿಲ್ಲ. ಆದರೆ ನನ್ನಲ್ಲಿಗೆ ಬರುವವರಲ್ಲಿ ಅರ್ಧ ಜನ ತೀರಿಹೋದವರ ಹೆಸರು ಬರೆಸಲು ಬಂದವರು. ಹಾಗಾಗಿ ನಗು ಬಂದರೂ ಮುಖ ಆಚೆ ತಿರುಗಿಸಿ ನಗುವುದು ನನಗೆ ಅಭ್ಯಾಸವಾಗಿದೆ.

ಹಿಡಿದಿಟ್ಟ ಸೀಟು

ಮಾನ್ವಿಯಲ್ಲಿ ಸ್ಮಶಾನಕ್ಕೆ ಒಂದು ನೆರಳಿನ ಶೆಡ್ ಕಟ್ಟಿಸಿದರು. ದಾನಿಗಳ ಕಲ್ಲು ನನಗೆ ಬಂತು. ಜೀವಂತ ಇರುವ ಯಾರಿಗೂ ತಮ್ಮ ಹೆಸರು ಅಲ್ಲಿ ಬೇಡ. ಎಲ್ಲರೂ ತೀರಿಹೋದ ತಂದೆಯ ಹೆಸರು ಕೊಟ್ಟರು. ಒಬ್ಬ ಕಿರಾಣಿ ಅಂಗಡಿಯವನು ಮಾತ್ರ, ಎಲ್ಲರೂ ತಂದೆಯ ಹೆಸರು ಕೊಡುತ್ತಿದ್ದಾರಲ್ಲ ಎಂದು ತನ್ನ ತಂದೆಯ ಹೆಸರನ್ನೂ ಪ್ರೀತಿಯಿಂದ ಬರೆಸಿದ. ಆ ತಂದೆ ಇನ್ನೂ ಗಟ್ಟಿಮುಟ್ಟಾಗಿ ಇದ್ದರೆಂದು ನನಗೇನು ಗೊತ್ತು?

ಕಲ್ಲು ನಿಲ್ಲಿಸಿದ ಮರುದಿನ ಆ ಮುದುಕರೇ ಬಸ್ಸು ಹತ್ತಿ ರಾಯಚೂರಿಗೆ ಬಂದರು. ಕೈಯಲ್ಲಿ ಕೊಡೆ. ಕೊಡೆಯ ತುದಿ ನನ್ನ ಎದೆಯ ಕಡೆ.

"ಅಲ್ಲಿ ನನ್ನ ಹೆಸರು ಬರದಾವ ನೀನ ಏನು?"

"ಹೌದ್ರೀ ಯಪ್ಪಾ. ನಿಮ್ಮ ಮಗಾ ಹೇಳಿದ್ರು."

"ಟವಲ್ ಒಗದು ಬಸ್ಸಿನ್ಯಾಗ ಸೀಟ್ ಹಿಡದಂಗ ಹಿಡದೀರಲ್ಲೋ! ನಾ ಇನ್ನಾ ಸ್ಟ್ಯಾಂಡಿಗೇ ಬಂದಿಲ್ಲ."

ಕ್ಷಮೆ ಕೇಳಿ, ಚಹಾ ತರಿಸಿ, ಕಲ್ಲು ಬದಲಿಸುವುದಾಗಿ ಒಪ್ಪಿಕೊಂಡೆ. ಅರ್ಧ ಕಪ್ಪು ಕುಡಿಯುವ ಹೊತ್ತಿಗೆ ಮುದುಕರ ದನಿ ಇಳಿಯಿತು. "ನನ್ನ ಹೆಣ್ತಿ ಹೆಸರು ಬರಿ. ಆಕಿ ಮೊದಲ ಹೋಗ್ಯಾಳ. ಇದ್ದಾಗ ಆಕಿಗೆ ನಾ ಏನೂ ಕೊಡಲಿಲ್ಲ" ಎಂದರು. ಕಪ್ಪು ಕೆಳಗಿಟ್ಟು ಆಕೆಯ ಹೆಸರು ಹೇಳಿದರು. ನಾನು ಬರೆದುಕೊಂಡೆ.

"ಆಕಿ ಬಾಜೂಕ ಒಂದೀಟು ಜಾಗಾ ಬಿಡ್ಲೇನ್ರಿ ಯಪ್ಪಾ?" ಎಂದು ಮೆಲ್ಲಗೆ ಕೇಳಿದೆ.

"ಬಿಡು. ಟವಲ್ ಹಾಕಬ್ಯಾಡ."

ಎಲ್ಲರ ಕಣ್ಣಿನ ಎತ್ತರ

ಇನ್ನು ಹೇಳುವುದೆಲ್ಲ ದೇವದುರ್ಗದ ಒಂದು ಗೋಡೆಯ ಕತೆ. ಅಜ್ಜ-ಅಜ್ಜಿ ಕೂಲಿ ಮಾಡಿ, ಮಕ್ಕಳು ಓದಿ, ಮೊಮ್ಮಕ್ಕಳು ನೌಕರಿ ಹಿಡಿದ ಒಂದು ಸಮಾಜದವರು ಸೇರಿ ಗ್ರಂಥಾಲಯ ಕಟ್ಟಿಸಿದ್ದರು. ಕಮಿಟಿಯ ಅಧ್ಯಕ್ಷರು ನಿವೃತ್ತ ಹೆಡ್ ಮಾಸ್ತರು. ಗೋಡೆಯ ಮೇಲೆ ಒಂದು ಮರ, ಮರಕ್ಕೆ ಹಿತ್ತಾಳೆಯ ಎಲೆಗಳು, ಎಲೆಗೊಬ್ಬ ದಾನಿಯ ಹೆಸರು ಎಂದು ನಾನು ನಕ್ಷೆ ತೋರಿಸಿದೆ.

"ಎಲಿ ಅಂದ್ರ ಉದುರತಾವಲ್ರಿ?" ಎಂದ ಒಬ್ಬ ಉದ್ದನೆಯ ಗುಮಾಸ್ತ.

"ಸ್ಕ್ರೂ ಹಾಕ್ತೀನ್ರಿ" ಎಂದೆ. ನಕ್ಷೆ ಪಾಸಾಯಿತು.

ಜಗಳ ಹತ್ತಿದ್ದು ಆಮೇಲೆ. ಎಲ್ಲರಿಗೂ ಕಣ್ಣಿನ ಎತ್ತರದ ಎಲೆಯೇ ಬೇಕು. ಯಾರ ಕಣ್ಣು? ಗುಮಾಸ್ತನ ಕಣ್ಣಿನ ಎತ್ತರಕ್ಕೆ ಹಾಕಿದರೆ ಕಮಿಟಿಯಲ್ಲಿದ್ದ ಇನ್ನೊಬ್ಬ ಗಿಡ್ಡ ಮಾಸ್ತರರಿಗೆ ಕುತ್ತಿಗೆ ನೋವು. ಹೆಡ್ ಮಾಸ್ತರು ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿ ಸೀಮೆಸುಣ್ಣದಿಂದ ಗೆರೆ ಎಳೆದರು. ಗೋಡೆ ತುಂಬ ಗೆರೆಯಾಯಿತೇ ಹೊರತು ತೀರ್ಮಾನವಾಗಲಿಲ್ಲ. ಕೆಳಗಿನ ಕೊಂಬೆಯಂತೂ ಯಾರಿಗೂ ಬೇಡ. ಕಸ ಹೊಡೆಯುವಾಗ ಪೊರಕೆ ತಾಗುತ್ತದಂತೆ.

ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ಅವ್ವ ಅಲ್ಲಿಂದಲೇ ಹೇಳಿದಳು, "ಕೆಳಗಿಂದು ನನ್ನ ಮಗಳಿಗೆ ಕೊಡ್ರಿ. ಕುಂತರ ಕೈಗೆ ಸಿಗತಾಳ."

ಅರಕೇರಾದಿಂದ ಬಂದಿದ್ದಳು. ಕೂಲಿ ಮಾಡಿ ಮಗಳನ್ನು ನರ್ಸಿಂಗ್ ಓದಿಸಿದವಳು. ಮಗಳಿಗೆ ರಾಯಚೂರಿನಲ್ಲಿ ಸರಕಾರಿ ನೌಕರಿ ಸಿಕ್ಕಿತ್ತು. ಊರಿನವರ ಜ್ವರವೆಲ್ಲ ನೋಡಿದ ಹುಡುಗಿ ಹೋದ ವರ್ಷ ತಾನೇ ಜ್ವರ ಬಂದು ತೀರಿಕೊಂಡಿದ್ದಳು. ಅವಳು ಓದಿದ ಪುಸ್ತಕ, ಟೇಬಲ್ಲು, ಕುರ್ಚಿ, ಟೇಬಲ್ ಫ್ಯಾನು ಎಲ್ಲವನ್ನೂ ಅವ್ವ ಗ್ರಂಥಾಲಯಕ್ಕೆ ತಂದುಕೊಟ್ಟಿದ್ದಳು. ಅವಳಿಗೆ ಬೇಕಾದದ್ದು ಒಂದೇ, ಮಗಳ ಹೆಸರು ಆ ಗೋಡೆಯ ಮೇಲೆ ಇರಬೇಕು.

ಗುಮಾಸ್ತ ಗೋಡೆಯ ಮೇಲಿನ ತನ್ನ ಗೆರೆಯನ್ನು ಕೈಯಿಂದ ಅಳಿಸಿ, "ಹಂಗಿದ್ರ ಆ ತಂಗಿ ಬಾಜೂಕ ನನಗೊಂದು ಎಲಿ ಕೊಡ್ರಿ" ಎಂದ. ಗಿಡ್ಡ ಮಾಸ್ತರರು ಎದ್ದು ನಿಂತರು. "ಬಾಜೂಕ ನಾ ಇರ್ತೀನಿ. ಆಕಿ ನನ್ನ ಕೈಯಾಗ ಕಲತಾಕಿ." ಜಗಳ ಮೇಲಿನ ಕೊಂಬೆಯಿಂದ ಕೆಳಗಿನ ಕೊಂಬೆಗೆ ಇಳಿಯಿತು. ನಿಲ್ಲಲಿಲ್ಲ.

ಉಳಿದ ಜಾಗ

ತೀರಿಹೋದವರ ಹೆಸರಿನ ಮುಂದೆ 'ದಿ.' ಎಂದು ಹಾಕುವುದು ನಮ್ಮ ಕಸುಬಿನ ಪದ್ಧತಿ. ದಿವಂಗತ ಎಂದು ಪೂರ್ತಿ ಬರೆದರೆ ಎಲೆಯೇ ತುಂಬಿಹೋಗುತ್ತದೆ. ಎಲೆ ಕೊರೆಯುವ ಮೊದಲು ತೋರಿಸೋಣವೆಂದು ಅವ್ವನನ್ನು ಅಂಗಡಿಗೆ ಕರೆಸಿದೆ. ಓದಲು ಬಾರದವಳು. ಕಾಗದದ ಮೇಲೆ ಬೆರಳಿಟ್ಟು ಕೇಳಿದಳು.

"ಈ ಮುಂದಿನ ಸಣ್ಣದು ಏನಪಾ?"

ಹೇಳಬೇಕಾಯಿತು. ಹೇಳಿದೆ.

"ತಗಿ ಅದನ್ನ."

"ಯವ್ವಾ, ಪದ್ಧತಿ ಅದ."

"ಓದಾಕ ಬಂದ ಹುಡುಗೂರು ಆಕಿ ಸತ್ತದ್ದು ಮೊದಲ ಓದಬೇಕು, ಹೆಸರು ಆಮ್ಯಾಲ ಓದಬೇಕು. ಇದ್ಯಾವ ಪದ್ಧತಿಯೋ ಯಪ್ಪಾ?"

ಹೆಡ್ ಮಾಸ್ತರರಿಗೆ ಫೋನು ಹಚ್ಚಿದೆ. "ನಿಯಮ ಅಂದ್ರ ನಿಯಮ" ಎಂದರು ಮಾಸ್ತರರು. ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವಳು ಏನೂ ವಾದ ಮಾಡಲಿಲ್ಲ. "ಮಾಸ್ತರ್ರಿ, ಆಕಿನ್ನ ಮಣ್ಣಾಗ ಇಟ್ಟು ಬಂದೀನಿ. ಇಲ್ಲ್ಯರ ಇರಲಿ ಬಿಡ್ರಿ" ಎಂದಳು. ಫೋನನ್ನು ನನ್ನ ಕೈಗೆ ತಿರುಗಿ ಕೊಟ್ಟಳು. ಮಾಸ್ತರರು ನನಗೆ, "ಹಾಕಬ್ಯಾಡಪಾ" ಎಂದಷ್ಟೇ ಹೇಳಿ ಫೋನು ಇಟ್ಟರು.

ಕಣ್ಣು ಒರೆಸಿಕೊಂಡು ಎದ್ದ ಅವ್ವ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. "ಯಪ್ಪಾ, ಆ ಅಕ್ಷರದ ಜಾಗಾ ಉಳೀತಲ್ಲ?"

"ಹೌದು ಯವ್ವಾ."

"ಖಾಲಿ ಯಾಕ ಬಿಡ್ತಿ? ಗೌರ್ಮೆಂಟ್ ನೌಕರಿ ಅಂತ ಬರಿ."

ಓದಿ ಹೇಳ್ರಿ

ಅವ್ವ ಹೇಳಿದಂತೆ ನೌಕರಿಯನ್ನೂ ಸೇರಿಸಿ, 'ಹುಲಿಗೆಮ್ಮ, ಸ್ಟಾಫ್ ನರ್ಸ್' ಎಂದು ಕೊರೆದ ಎಲೆಯನ್ನು ಕೆಳಗಿನ ಕೊಂಬೆಗೆ ಕೂಡಿಸಿದೆ. ಅವ್ವ ಅದರ ಎದುರು ನೆಲದ ಮೇಲೆ ಕುಳಿತು ಸೆರಗಿನಿಂದ ಒರೆಸಿದಳು. ಅಷ್ಟಾದ ಮೇಲೆ ಊರಿಗೆ ಹೋಗಬಹುದಿತ್ತು. ಹೋಗಲಿಲ್ಲ. ವೈರ್ ಎಳೆಯಲು ಬಂದವನನ್ನು ಕರೆದು, "ಇಲ್ಲೇನು ಬರದದ, ಓದಿ ಹೇಳಪಾ" ಎಂದಳು. ಅವನು ಓದಿದ. ಬಣ್ಣದವನನ್ನು ಕರೆದಳು. ಅವನೂ ಓದಿದ. ಟಪಾಲು ಕೊಡಲು ಬಂದ ಪೋಸ್ಟಿನವನನ್ನೂ ಬಿಡಲಿಲ್ಲ.

ನನ್ನ ಕೆಲಸವನ್ನು ಹೀಗೆ ಕಂಡಕಂಡವರಿಂದ ಪರೀಕ್ಷೆ ಮಾಡಿಸಿದರೆ ನನಗೆ ಸಿಟ್ಟು ಬರದೆ ಇರುತ್ತದೆಯೇ? "ಯವ್ವಾ, ನಾ ಬ್ಯಾರೆ ಯಾರದರ ಹೆಸರು ಬರದೀನಿ ಅಂತ ಅನುಮಾನ ಏನು?" ಎಂದು ಕೇಳಿಯೇಬಿಟ್ಟೆ.

"ಇಲ್ಲಪಾ" ಎಂದಳು. "ನಾ ಅಳ್ತೀನಂತ ಮನ್ಯಾಗ ಆಕಿ ಹೆಸರ ಯಾರೂ ಎತ್ತವಲ್ರು. ಇನ್ನೊಬ್ಬರ ಬಾಯಾಗ ಕೇಳಿ ಭಾಳ ದಿನ ಆಗಿತ್ತು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನಾನೇ ಗಟ್ಟಿಯಾಗಿ ಓದಿದೆ, "ಹುಲಿಗೆಮ್ಮ, ಸ್ಟಾಫ್ ನರ್ಸ್." ದನಿ ನಡುಗಿತು.

ಅವ್ವ ತಲೆ ಅಲ್ಲಾಡಿಸಿದಳು. "ಬರಿಯೂದು ನಿಂದು ಛಲೋ ಅದ. ಓದೂದು ಆ ಪೋಸ್ಟಿನವಂದು ಛಲೋ."

ಎಲ್ಲಿದ್ದರೂ ವೇದಿಕೆಗೆ ಬರಬೇಕು

ಉದ್ಘಾಟನೆಯ ದಿನ ಕಾರ್ಯಕ್ರಮ ನಡೆಸಲು ರಾಯಚೂರಿನಿಂದ ಒಬ್ಬ ನಿರೂಪಕನನ್ನು ಕರೆಸಿದ್ದರು. ಒಳ್ಳೆಯ ಕಂಠ, ಇಸ್ತ್ರಿ ಮಾಡಿದ ಜುಬ್ಬಾ. ಊರಿನ ಸಂಗತಿ ಒಂದೂ ಗೊತ್ತಿಲ್ಲ. ದಾನಿಗಳಿಗೆ ಶಾಲು ಹೊದಿಸುವ ಹೊತ್ತಿಗೆ ಅವನು ಮೈಕು ಹಿಡಿದು ಗೋಡೆಯ ಹತ್ತಿರವೇ ಹೋಗಿ ನಿಂತು, ಎಲೆಗಳನ್ನು ನೋಡುತ್ತ ಹೆಸರು ಕೂಗತೊಡಗಿದ. 'ದಿ.' ಇದ್ದರೆ ಮನೆಯವರನ್ನು ಕರೆಯುತ್ತಿದ್ದ. ಇಲ್ಲದಿದ್ದರೆ ಅವರನ್ನೇ ಕರೆಯುತ್ತಿದ್ದ. ಅವನದೇನೂ ತಪ್ಪಿಲ್ಲ.

ಅವನು ಕೆಳಗಿನ ಕೊಂಬೆಗೆ ಬಗ್ಗಿದಾಗ ನನಗೆ ಹೊಳೆಯಿತು. ಹೆಡ್ ಮಾಸ್ತರರಿಗೂ ಹೊಳೆದಿರಬೇಕು, ಕುರ್ಚಿಯಿಂದ ಅರ್ಧ ಎದ್ದರು. ಅಷ್ಟರಲ್ಲಿ ಆಗಿಹೋಗಿತ್ತು.

"ಹುಲಿಗೆಮ್ಮ ಮೇಡಂ, ಸ್ಟಾಫ್ ನರ್ಸ್! ವೇದಿಕೆಗೆ ಬರಬೇಕು."

ಯಾರೂ ಏಳಲಿಲ್ಲ.

"ಹುಲಿಗೆಮ್ಮ ಮೇಡಂ ಎಲ್ಲಿದ್ದರೂ ಬೇಗನೆ ಬರಬೇಕು!"

ಗೊತ್ತಿದ್ದವರು ತಲೆ ತಗ್ಗಿಸಿದರು. ಗೊತ್ತಿಲ್ಲದವರು ಹಿಂದೆ ಮುಂದೆ ತಿರುಗಿ ಹುಡುಕಿದರು. ನಿರೂಪಕ ನಕ್ಕು, "ಮೇಡಂ ನಾಚಿಕೊಂಡಂತಿದೆ. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಕರೆಯೋಣ" ಎಂದ. ಚಪ್ಪಾಳೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಹೆಂಗಸರ ಸಾಲಿನಿಂದ ಅವ್ವ ಎದ್ದಳು. ಸೆರಗು ಸರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ನೇರ ವೇದಿಕೆ ಹತ್ತಿದಳು.

"ನೀವೇನಾ ಹುಲಿಗೆಮ್ಮ ಮೇಡಂ?"

"ನಾ ಅವರವ್ವ ರೀ. ಆಕಿ ಡ್ಯೂಟಿ ಮ್ಯಾಲ ಅದಾಳ. ರಜಾ ಕೊಡವಲ್ರು."

ಸಭೆಯಲ್ಲಿ ನಗು ಎದ್ದಿತು. "ದವಾಖಾನಿ ಕೆಲಸ ಅಂದ್ರ ಹಂಗ ನೋಡ್ರಿ" ಎಂದು ನನ್ನ ಹಿಂದೆ ಕುಳಿತವನು ಪಕ್ಕದವನಿಗೆ ಹೇಳಿದ. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ನಾನು ಅತ್ತೆ, ಮುಚ್ಚಿಡಲಿಲ್ಲ. ನಿರೂಪಕ ಮಾತ್ರ ಖುಷಿಯಾಗಿ, "ಅಂಥ ಮಗಳನ್ನು ಹೆತ್ತ ತಾಯಿಗೇ ಈ ಗೌರವ" ಎನ್ನುತ್ತ ಶಾಲು ಬಿಚ್ಚಿ ಹೊದಿಸಲು ಹೋದ. ಅವ್ವ ಎರಡೂ ಕೈಯಿಂದ ಅವನನ್ನು ತಡೆದಳು.

"ಮಡಿಕಿ ಬಿಚ್ಚಬ್ಯಾಡ್ರೀ ಯಪ್ಪಾ, ಹಂಗ ಕೊಡ್ರಿ. ಆಕಿ ಹೊಸಾ ಶಾಲು ನಾ ಹೊಚಗೊಂಡೀನಿ ಅಂತ ಗೊತ್ತಾದ್ರ ಮನಿಗೆ ಬಂದು ಬೈತಾಳ."