ಗೋಡೆಗೆ ಅಡ್ಡ ಬಂದ ಹುತ್ತ

ಜೂನ್ ಹದಿನಾಲ್ಕು, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ಪಾಯ ತೋಡಲು ಬಂದ ಇಬ್ಬರು, ಆಳೆತ್ತರದ ಒಂದು ಹುತ್ತ, ಮತ್ತು ಹುತ್ತದ ವಕೀಲರಾದ ನಮ್ಮ ಭಾವ.

ಮಸ್ಕಿಯಲ್ಲಿ ತಲೆ ನೆಟ್ಟಗಿರುವವರ ಪಟ್ಟಿ ಮಾಡಿದರೆ ಅದರಲ್ಲಿ ಭಾವನ ಹೆಸರು ಇರುವುದಿಲ್ಲ. ಗೆದ್ದಲುಗಳು ತಮ್ಮ ಹಿತೈಷಿಗಳ ಪಟ್ಟಿ ಮಾಡಿದರೆ ಮೊದಲ ಹೆಸರೇ ಅವರದು!

ಅವರು ನನ್ನ ಅಕ್ಕನ ಗಂಡ, ಪಕ್ಕದ ಮನೆಯವರು. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿ ಹೆಸರಾದವರು. ಎರಡು ವರ್ಷದ ಹಿಂದೆ ಅಕ್ಕ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಕರಣೆ ಕೆಳಗಿಟ್ಟು ಮನೆಯಲ್ಲಿ ಕುಳಿತರು. ಕೈ ಖಾಲಿಯಾದರೆ ತಲೆ ಸುಮ್ಮನಿರುತ್ತದೆಯೇ? ಎರಡು ಮನೆಗಳ ನಡುವಿನ ಹುತ್ತಕ್ಕೆ ಗಂಟುಬಿದ್ದರು.

ನಾನು ನಿವೃತ್ತ ಡ್ರಿಲ್ ಮಾಸ್ತರ. ಏಳೂವರೆಗೆ ಊಟ ಎಂದರೆ ಏಳೂವರೆಗೆ. ಈ ಸಲದ ಮೊದಲ ಮಳೆ ಬಿದ್ದ ಸಂಜೆ ಸರಿಯಾಗಿ ಅದೇ ಹೊತ್ತಿಗೆ ಭಾವ ಮನೆಮನೆಗೆ ತಿರುಗಿ ಇಡೀ ಓಣಿಯ ದೀಪ ಆರಿಸಿದರು. ಹುತ್ತದಿಂದ ರೆಕ್ಕೆಯ ಗೆದ್ದಲು ಹೊರಟಿವೆಯಂತೆ, ಬಲ್ಬಿಗೆ ಮುತ್ತಿ ಸತ್ತರೆ ಹೊಸ ಸಂಸಾರಗಳು ಹಾಳಂತೆ! ಕತ್ತಲಲ್ಲಿ ರೊಟ್ಟಿ ಮುರಿಯುತ್ತಿದ್ದ ನನಗೆ ಲಗ್ನದ ವರದಿಯನ್ನೂ ಒಪ್ಪಿಸಿದರು. ಹೆಣ್ಣು ಗಂಡು ನೆಲಕ್ಕಿಳಿದು ರೆಕ್ಕೆ ಕಳಚುತ್ತವೆ. ಹೆಣ್ಣು ಮುಂದೆ, ಗಂಡು ಹಿಂದೆ. ಹಸಿಮಣ್ಣು ಕೊರೆದು ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತವೆ. ಮೊದಲ ಮರಿಗಳನ್ನು ಎರಡೇ ಸೇರಿ ಸಾಕುತ್ತವೆ. ಹುತ್ತ ನೆಲದ ಮೇಲೆ ತಲೆ ಎತ್ತಲು ವರ್ಷಗಳೇ ಬೇಕು.

“ಈ ಲಗ್ನಕ್ಕ ಬೀಗರು ಬರಂಗಿಲ್ಲೇನ್ರಿ?” ಎಂದೆ.

“ಬಂದಾವಲ್ರಿ ಮಾಸ್ತರ, ಕಪ್ಪಿ. ಮದುಮಕ್ಕಳನ್ನ ತಿಂದು ಹೋಗೋ ಬೀಗರು.”

ಮರುದಿನ ಸಾರಿನಲ್ಲಿ ಮದುಮಕ್ಕಳ ರೆಕ್ಕೆಗಳು ಸಿಕ್ಕವು.

ಹುತ್ತವನ್ನು ಅವರು ನೋಡುವುದು ಗೌಂಡಿಯ ಕಣ್ಣಿನಿಂದ. ಒಂದೊಂದು ಮಣ್ಣಿನ ಕಾಳನ್ನೂ ಎಂಜಲಿನಲ್ಲಿ ನೆನೆಸಿ ಅಂಟಿಸುತ್ತವೆ. ಸಿಮೆಂಟಿಲ್ಲ, ತೂಗುಗುಂಡಿಲ್ಲ, ಮೇಸ್ತ್ರಿಯ ಬೈಗುಳವಿಲ್ಲ. ಬಿಸಿಗಾಳಿ ಮೇಲೇರಲು ಕೊಳವೆ, ಕೆಳಗೆ ತಂಪಿನಲ್ಲಿ ಅಣಬೆಯ ತೋಟ. ನನ್ನ ಮನೆಯೋ ಬೇಸಿಗೆಯಲ್ಲಿ ಒಲೆ. ಅದನ್ನು ಕಟ್ಟಿದ ಮಹಾಶಯರು ಯಾರು? ಇದೇ ಭಾವ! ಕೇಳಿದರೆ, ಆಗ ತಮಗೆ ಈ ವಿದ್ಯೆ ತಿಳಿದಿರಲಿಲ್ಲ ಎಂದರು.

ಹೋದ ಪಂಚಮಿಗೆ ಓಣಿಯ ಹೆಂಗಸರು ಹಾಲೆರೆಯಲು ಬಂದರು. ತೋಟ ಕೊಳೆಯುತ್ತದೆ ಎಂದು ಭಾವ ಹುತ್ತದ ಮುಂದೆ ಬೋಗುಣಿ ಇಟ್ಟು ಅದರಲ್ಲೇ ಎರೆಯಿಸಿದರು. ಸಂಜೆಯವರೆಗೂ ನಾಗಪ್ಪ ಬರಲಿಲ್ಲ. ಅಂದು ಅವರ ಮನೆಯಿಂದ ನನಗೆ ಬಂದ ಚಹಾ ಬಹಳ ಗಟ್ಟಿಯಾಗಿತ್ತು.

ಇಂಥವರ ಹುತ್ತ ನನ್ನ ಕಂಪೌಂಡ್ ಗೋಡೆಯ ಗೆರೆಯ ಮೇಲೇ ಇರಬೇಕೇ! ಈ ಮೂಲೆಯಿಂದ ಆ ಮೂಲೆಗೆ ದಾರ ಎಳೆದಿದ್ದೆ. ಜೀವಮಾನವಿಡೀ ಮಕ್ಕಳನ್ನು ನೇರ ಸಾಲಿನಲ್ಲಿ ನಿಲ್ಲಿಸಿದವನು ಗೋಡೆಯನ್ನು ಬಾಗಿಸಲೇ? ಆ ಬೆಳಿಗ್ಗೆ ಗುದ್ದಲಿ ಮೇಲೆದ್ದಿತು. ಭಾವ ಹುತ್ತಕ್ಕೆ ಬೆನ್ನು ಕೊಟ್ಟು ನಿಂತರು.

“ಗ್ವಾಡಿ ನಾನೇ ಕಟ್ಟಿಕೊಡ್ತೀನ್ರಿ. ಆದ್ರ ಸೊಟ್ಟ ಕಟ್ತೀನಿ.”

ಪಾಯದವರು ಬೀಡಿ ಹಚ್ಚಿದರು. ಹತ್ತು ಗಂಟೆಯಾಯಿತು. ನನ್ನ ದಿನಚರಿ ಕೆಟ್ಟಿತು. ದೂರುಗಳನ್ನು ಮನಸ್ಸಿನಲ್ಲೇ ಒಂದು, ಎರಡು ಎಂದು ಜೋಡಿಸಿಕೊಂಡು ಅಕ್ಕನ ಹತ್ತಿರ ಹೋದೆ. ಕಿಟಕಿಗೆ ಒತ್ತಿ ಹಾಕಿದ ಮಂಚ. ಕಿಟಕಿಯ ಆಚೆ ಹುತ್ತ, ಹುತ್ತಕ್ಕೆ ಆತು ನಿಂತ ಗಂಡ.

ಒಂದನೆಯ ದೂರು ಮುಗಿಯುವ ಮುನ್ನವೇ ಅಕ್ಕ ಒಂದೊಂದೇ ಪದ ಹುಡುಕುತ್ತ ಹೇಳಿದಳು:

“ಅದರಾಗಿನ ರಾಣಿಗಿ ಎದ್ದಾಡಾಕ ಬರಂಗಿಲ್ಲಂತ, ತಮ್ಮಾ. ರಾಜ ಹೊರಗ ಹೋಗಂಗಿಲ್ಲಂತ. ಕಡೀತನಕ ಮಗ್ಗಲದಾಗೇ ಇರ್ತಾನಂತ. ದಿನಾ ಹೇಳ್ತಾರ.”

ಎರಡನೆಯ ದೂರು ಏನಿತ್ತೆಂದು ನನಗೆ ನೆನಪಾಗಲಿಲ್ಲ.

ಸಂಜೆ ಐದೂವರೆಗೆ ನಾನೇ ಎರಡು ಗೂಟ ಹೆಚ್ಚಿಗೆ ಬಡಿದೆ. ಹುತ್ತ ಅಕ್ಕನ ಕಿಟಕಿಯ ಕಡೆಗೇ ಉಳಿಯುವಂತೆ, ದಾರವನ್ನು ನನ್ನ ಅಂಗಳದೊಳಕ್ಕೆ ನಾಲ್ಕಡಿ ಬಾಗಿಸಿ ಬಿಗಿಯಾಗಿ ಕಟ್ಟಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.